ದೀಪದ ಮುಂದಿನ ಬಿಲ್ಲೆ

ಸತ್ತವರ ದನಿಯನ್ನು ಉಗುರಿನಷ್ಟು ಬಿಲ್ಲೆಯಲ್ಲಿ ಹಿಡಿದಿಡುವುದು ಈಗ ಮನೆಮನೆಯ ರೂಢಿ. ಫಕ್ಕೀರವ್ವ ಮಗಳ ಬಿಲ್ಲೆಯನ್ನು ರಿಪೇರಿಗೆ ತಂದಿದ್ದಳು. "ಯವ್ವಾ, ಊಟ ಆತೇನ?" ಎನ್ನುತ್ತಿದ್ದ ಮಗಳ ದನಿ ಈಗ ಬರೀ ಗುಂಯ್‌ಗುಡುತ್ತಿತ್ತು.

ಅಂಗಡಿಯ ಇಮಾಮಸಾಬ ಅದನ್ನು ಯಂತ್ರದಡಿ ಇಟ್ಟು ನೋಡಿದ. ದೂರದೂರ ಚದುರಿ ಕೂತು ದನಿ ಕಾಯಬೇಕಿದ್ದ ಮ್ಯಾಂಗನೀಸ್ ಪರಮಾಣುಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟಿದ್ದವು. ದಿನವೂ ಕಾವು ತಾಗಿದರೆ ಹಾಗಾಗುತ್ತದೆ. ಮತ್ತೆ ಬಿಡಿಸಲು ಬರುವುದಿಲ್ಲ.

"ಎಲ್ಲಿ ಇಡತಿದ್ರಿ ಇದನ್ನ?"

"ದೇವರ ಜಗಲಿ ಮ್ಯಾಲೆ, ದೀಪದ ಮುಂದ. ಒಂಬತ್ತು ವರ್ಷದಾಗ ಒಂದ್ ದಿನಾನೂ ದೀಪ ತಪ್ಪಿಸಿಲ್ಲ."

ಇಮಾಮಸಾಬ ಬಿಲ್ಲೆಯನ್ನು ಒರೆಸಿ ಅವಳ ಅಂಗೈಗಿಟ್ಟ. "ಹಳೇದಾಗೇತಿ ಯವ್ವಾ. ನಿಮ್ಮ ತಪ್ಪೇನಿಲ್ಲ."

"ಸಂಜಿಗೆ ದೀಪದ ಮುಂದ ಇಡಲೇನು?"

"ಇಡ್ರಿ," ಎಂದ. "ಇನ್ನೇನೂ ಆಗೂದಿಲ್ಲ."