ತಂಗೆವ್ವ ಬೆಸೆಸಿಕೊಂಡ ಮಣಿಕಟ್ಟು

“ನನ್ನ ಮಣಿಕಟ್ಟಿಗೆ ಸ್ಕ್ರೂ ಕುಂದ್ರಿಸೋ ಮುಂದ ಮೂರು ಜಿಲ್ಲಾದಾಗ ಕರೆಂಟ್ ಹೋತು! ನನ್ನ ಎಲುಬು ಅಷ್ಟು ಗಟ್ಟಿ!” ಬಲಗೈಗೆ ಸುತ್ತಿದ್ದ ಪಟ್ಟಿಯನ್ನು ಎತ್ತಿ ತೋರಿಸುತ್ತ ತಂಗೆವ್ವ ಖಾನಾವಳಿಯ ಅಡುಗೆಮನೆಗೆ ಕಾಲಿಟ್ಟಳು.

ಸವೆದ ಮಣಿಕಟ್ಟಿನ ಎಲುಬುಗಳನ್ನು ಸ್ಕ್ರೂ ಹಾಕಿ ಬೆಸೆಯುವ ಅಂಗಡಿ ಈಗ ಬಸ್‌ಸ್ಟ್ಯಾಂಡಿನಲ್ಲೇ ಇತ್ತು. ಸೂಜಿಯಷ್ಟು ಸಣ್ಣ ತೂತು, ಚಹಾ ಕುಡಿಯುವಷ್ಟು ಹೊತ್ತು, ನೋವು ಮಾಯ. ಮಣಿಕಟ್ಟು ಮಾತ್ರ ಮತ್ತೆಂದೂ ಬಾಗುತ್ತಿರಲಿಲ್ಲ. ಅದಕ್ಕೇ ದರ್ಜಿ ಕತ್ತರಿ ಹಿಡಿದು, ಡ್ರೈವರ್ ಸ್ಟೇರಿಂಗ್ ಹಿಡಿದು ಅಲ್ಲಿ ಕೂರುತ್ತಿದ್ದರು. ಕೈ ಆ ಓರೆಯಲ್ಲೇ ಜನ್ಮಪೂರ್ತಿ ನಿಲ್ಲುತ್ತಿತ್ತು.

ಜೊತೆಯಲ್ಲೇ ರೊಟ್ಟಿ ಬಡಿಯುವ ನೀಲವ್ವ ಜೋಳದ ಹಿಟ್ಟಿನ ಮೇಲೆ ಅಂಗೈ ಊರಿಯೇ ಬೆಸೆಸಿಕೊಂಡು ಬಂದಿದ್ದಳು. ಅಂದಿನಿಂದ ಗಿರಾಕಿಗಳೆಲ್ಲ ಅವಳ ರೊಟ್ಟಿಯನ್ನೇ ಕೇಳುತ್ತಿದ್ದರು. ತಂಗೆವ್ವನ ಹೊಟ್ಟೆಯುರಿಯ ಮೇಲೆ ಹಂಚು ಇಟ್ಟಿದ್ದರೆ ಇಡೀ ಊರಿಗೆ ರೊಟ್ಟಿ ಬೇಯುತ್ತಿತ್ತು.

“ಹಂಗಾರ ಒಂದು ರೊಟ್ಟಿ ಬಡಿಯವ್ವಾ, ನೋಡೂಣು,” ನೀಲವ್ವ ಹಿಟ್ಟನ್ನು ಅವಳ ಮುಂದೆ ತಳ್ಳಿದಳು.

ತಂಗೆವ್ವ ಜೋರಾಗಿ ತಟ್ಟಿದಳು. ಮಣಿಕಟ್ಟು ಬಾಗಿತು. “ಯವ್ವಾ, ಸತ್ತೆ!” ಎಂದು ಚೀರಿದಳು.

“ಬೆಸೆದ ಕೈ ಬಾಗೂದೂ ಇಲ್ಲ, ನೋಯೂದೂ ಇಲ್ಲ. ನೀ ಅಲ್ಲಿಗೆ ಹೋಗೇ ಇಲ್ಲಲ್ಲ?”

“ಹೋಗಿದ್ನಕ್ಕಾ.” ತಂಗೆವ್ವ ಪಟ್ಟಿ ಬಿಚ್ಚತೊಡಗಿದಳು. “ಕುರ್ಚಿ ಮ್ಯಾಲ ಕುಂತಿದ್ದೆ. ಹಿಟ್ಟಿನ ಮ್ಯಾಲ ಕೈ ಇಡು ಅಂದ್ರು. ಎಷ್ಟು ಸಲ ಇಟ್ಟರೂ ಥೇಟ್ ನೀ ಇಟ್ಟಂಗ ಇಡಾಕತ್ತಿದ್ದೆ. ಸಾಯೂತನಕ ನಿನ್ನ ಕೈ ಹೊತ್ಕೊಂಡು ತಿರಗೂದೇನು? ಎದ್ದು ಓಡಿ ಬಂದೆ.”