ಎಪ್ಪತ್ತೆರಡನೇ ಪರೀಕ್ಷೆ

ಎಪ್ಪತ್ತೆರಡನೇ ಸಲವೂ ಯಂತ್ರ ತಪ್ಪಲಿಲ್ಲ. ಅವನು ಪಕ್ಕದ ಕೋಣೆಯಿಂದ ಮನೆಯ ನಂಬರಿಗೆ ಫೋನ್ ಮಾಡಿ “ಪರೀಕ್ಷೆ” ಎಂದ. ಯಾರೂ ಫೋನ್ ಎತ್ತದಾಗ ಸಂದೇಶ ಉಳಿಸಿಕೊಳ್ಳುವ ಅಡುಗೆಮನೆ ಗೋಡೆಯ ಪೆಟ್ಟಿಗೆ ಅದನ್ನು ಚಾಚೂತಪ್ಪದೆ ಹಿಡಿದಿಟ್ಟಿತು. ಹಾಗಾದರೆ ಅತ್ತೆಯ ಕೊನೆಯ ಮಾತನ್ನು ಯಾಕೆ ನುಂಗಿತು?

ಪೆಟ್ಟಿಗೆ ಅವನೇ ಕೈಯಾರೆ ಮಾಡಿದ್ದು. ಗೋಡೆಗೂ ಕಿವಿಯಿರುವ ಕಾಲದಲ್ಲಿ ಮನೆಯ ಮಾತು ಮನೆಯಲ್ಲೇ ಇರಬೇಕು ಎಂದು ಕಂಪನಿಗಳ ಸೇವೆಯನ್ನೆಲ್ಲ ಬಿಟ್ಟಿದ್ದ. ಹಿಡಿದ ಮೊಲಕ್ಕೆ ಮೂರೇ ಕಾಲು. ಸಂದೇಶವನ್ನು ಕೊನೆಯವರೆಗೆ ಕೇಳಿದ ಮೇಲಲ್ಲದೆ ಅಳಿಸುವ ಗುಂಡಿ ಕೆಲಸ ಮಾಡದು, ಅಷ್ಟು ಅಚ್ಚುಕಟ್ಟು. ಯಾರು ಏನು ಕೇಳಿದರು ಎಂಬ ದಾಖಲೆ ಮಾತ್ರ ಇಟ್ಟಿರಲಿಲ್ಲ. “ಹೆಂಡತಿ ಮೇಲೆ ನಿಗಾ ಇಡೋ ಯಂತ್ರ ನನಗೆ ಬೇಡ” ಎನ್ನುತ್ತಿದ್ದ.

ಆ ದಿನ ಅತ್ತೆ ಹನ್ನೊಂದಕ್ಕೆ ಕರೆ ಮಾಡಿದ್ದರು. ಅವರ ಫೋನಿನಲ್ಲಿ ಗುರುತಿತ್ತು, ಪೆಟ್ಟಿಗೆಯಲ್ಲಿ ಮಾತ್ರ ಸಂದೇಶವಿರಲಿಲ್ಲ. ಅವನು ಕಚೇರಿಯಲ್ಲಿದ್ದ. ಹೆಂಡತಿ ಮಾರುಕಟ್ಟೆಗೆ ಹೋಗಿದ್ದಳಂತೆ. ಮನೆಯಲ್ಲಿರುವುದು ಗಂಡ ಹೆಂಡತಿ ಇಬ್ಬರೇ. ತಾಯಿ ಮಗಳು ಮಾತು ಬಿಟ್ಟು ತಿಂಗಳಾಗಿತ್ತು. ಎರಡು ಬೀದಿಯಾಚೆ ಅತ್ತೆ ಸಂಜೆಯವರೆಗೆ ನೆಲದ ಮೇಲೇ ಬಿದ್ದಿದ್ದರು.

ತನ್ನ ಹಮ್ಮೇ ಅವರನ್ನು ಕೊಂದಿತು ಎಂಬ ಕೊರಗಿನಲ್ಲಿ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಹೆಂಡತಿ ಬೈಯಲಿಲ್ಲ, ಅಳಲೂ ಇಲ್ಲ. ಅದೇ ಅವನನ್ನು ಹೆಚ್ಚು ಚುಚ್ಚುತ್ತಿತ್ತು.

ಕೊನೆಗೆ ಹಠ ಬಿಟ್ಟು ಪೆಟ್ಟಿಗೆ ಬಿಚ್ಚಿಕೊಂಡು ರಿಪೇರಿ ಅಂಗಡಿಗೆ ಹೊರಟ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ಮನೆ ಮಾತು ಹೊರಗಿನವರ ಕಿವಿಗೆ ಬೀಳಬಾರದು ಅಂತ ನೀವೇ ಹೇಳ್ತಿದ್ರಲ್ಲ.”

“ತಪ್ಪು ಎಲ್ಲಾಗಿದೆ ಅಂತ ಗೊತ್ತಾಗಲೇಬೇಕು ಕಣೇ.”

“ಹೋದವರು ವಾಪಸ್ ಬರ್ತಾರಾ? ಬಿಟ್ಬಿಡಿ.”

ಎಂಥ ದೊಡ್ಡ ಮನಸ್ಸು ಎಂದು ಅವನ ಕಣ್ಣು ತುಂಬಿತು.

ಆದರೂ ಪೆಟ್ಟಿಗೆಯನ್ನು ಅಂಗಡಿಗೆ ಕೊಟ್ಟು ಬಂದ. ಎರಡು ದಿನ ಬಿಟ್ಟು ಅಂಗಡಿಯವನು ಕಾಣೆಯಾಗಿದ್ದ ಸಂದೇಶವನ್ನು ಹೊರತೆಗೆದು ಹೆಡ್‌ಫೋನ್ ಕೊಟ್ಟ. ಅತ್ತೆಯ ಏದುಸಿರು, ಆಮೇಲೆ ದನಿ: “ಎದೆ ಹಿಂಡ್ತಿದೆ ಕಣಮ್ಮಾ. ಸಿಟ್ಟು ಆಮೇಲೆ ಮಾಡ್ಕೋ, ಈಗ ಬಾ.”

“ಒಳ್ಳೇ ಕೆಲಸ ಸಾರ್, ಒಂದೂ ದೋಷ ಇಲ್ಲ,” ಅಂಗಡಿಯವನು ಪೆಟ್ಟಿಗೆ ಸವರಿದ. “ಡಿಸ್ಕಿನಲ್ಲಿ ಗುರುತು ಉಳಿದಿದೆ ನೋಡಿ. ಬಂದಿದ್ದು ಹನ್ನೊಂದಕ್ಕೆ. ಹನ್ನೊಂದೂ ಹತ್ತಕ್ಕೆ ಯಾರೋ ಗುಂಡಿ ಒತ್ತಿ ಅಳಿಸಿದ್ದಾರೆ.”

ಅವನು ಮನೆ ಮುಟ್ಟುವಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಮುಖ ಬಿಳಿಚಿತ್ತು.

“ಏನಂದ?”

ಒಂದು ತಿರುಪು ಸಡಿಲವಿದ್ದರೂ ನಿದ್ದೆಗೆಡುತ್ತಿದ್ದ ಮನುಷ್ಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ.

“ಯಂತ್ರದ್ದೇ ತಪ್ಪಂತೆ,” ಎಂದ.

ತಾಯಿ ಹೋದ ಮೇಲೆ ಮೊದಲ ಸಲ ಅವಳು ಬಿಕ್ಕಿಬಿಕ್ಕಿ ಅತ್ತಳು.