ಕವಳೆಯ ಬೇಲಿ

ಬುಡಕ್ಕೇ ಕೈ ಹಾಕಿ ಗಾರ್ಗಿ ಮೊದಲ ಕವಳೆ ಗಿಡವನ್ನು ಕಿತ್ತೆಸೆದಾಗ ಮುಳ್ಳು ಅವಳ ಅಂಗೈಯನ್ನು ಸೀಳಿತ್ತು. ಸಿಂಗಾಪುರದ ಬುಕಿತ್ ಬಾಟೋಕಿನ ಈ ಕಾಂಡೋ ಅಪಾರ್ಟ್‌ಮೆಂಟಿನ ದೊಡ್ಡ ಮರದ ಸುತ್ತ ಹೋದ ವಾರವಷ್ಟೇ ಆ ಬೇಲಿ ನೆಡಿಸಿದವಳು ಅವಳೇ. ಗಿಡ ಕುಳ್ಳಗಿರಲಿ, ವರ್ಷವಿಡೀ ಹಸಿರಾಗಿರಲಿ ಎಂದು ಕಮಿಟಿಯ ಅಧ್ಯಕ್ಷ ಅನಂತರಾಮ್ ಕೇಳಿದ್ದರು. ತೋಟಗಳ ವಿನ್ಯಾಸ ಮಾಡುವ ಗಾರ್ಗಿ, ಚಾಮುಂಡಿ ಬೆಟ್ಟದ ಕುರುಚಲಲ್ಲಿ ಕವಳೆ ಹಣ್ಣು ತಿಂದ ನೆನಪಿಗೆ ಇದನ್ನೇ ಆರಿಸಿದ್ದಳು.

ಇವತ್ತು ಮಧ್ಯಾಹ್ನ ನೋಡಿದರೆ, ಪಕ್ಕದ ಹೊಸ ಟವರ್ ಕಟ್ಟುವ ತಮಿಳು ಕೆಲಸಗಾರರು ಬೇಲಿಯಾಚೆ ಸುಡುಬಿಸಿಲಲ್ಲಿ ನಿಂತುಕೊಂಡೇ ಅನ್ನ ತಿನ್ನುತ್ತಿದ್ದರು. ಮೊದಲೆಲ್ಲ ಅವರು ಇದೇ ಮರದ ನೆರಳಲ್ಲಿ ಕೂತು ಉಣ್ಣುತ್ತಿದ್ದರು. ಅನಂತರಾಮ್ ಅವಳ ಪಕ್ಕ ಬಂದು ನಿಂತು, “ಸೂಪರ್ ಚಾಯ್ಸ್, ಗಾರ್ಗಿ. ಬೋರ್ಡ್ ಹಾಕಿದ್ರೂ ಏಳ್ತಿರ್ಲಿಲ್ಲ ಇವರು. ಮುಳ್ಳು ನೋಡಿ, ಪ್ರಾಬ್ಲಮ್ಮೇ ಸಾಲ್ವ್ ಆಯ್ತು” ಎಂದು ನಕ್ಕಿದ್ದರು. ಆ ಮಾತು ಕೇಳಿದ್ದೇ ಅವಳು ಬೇಲಿಗೆ ಕೈ ಹಾಕಿದ್ದಳು.

“ಏನ್ ಮಾಡ್ತಿದೀರಾ? ನಾಳೆನೇ ಮತ್ತೆ ನೆಡಿಸ್ತೀನಿ” ಎಂದರು ಅನಂತರಾಮ್. ಈಗ ಅವರ ಮುಖದಲ್ಲಿ ನಗುವಿರಲಿಲ್ಲ.

“ನೆಡಿಸಿ. ನಾಳೆನೂ ಬಂದು ಕೀಳ್ತೀನಿ” ಎನ್ನುತ್ತ ಅವಳು ಎರಡನೆಯದನ್ನೂ ಮೂರನೆಯದನ್ನೂ ಕಿತ್ತಳು. ಒಬ್ಬರು ಒಳಗೆ ಬರುವಷ್ಟು ಜಾಗವಾಯಿತು. ಕೆಲಸಗಾರರು ಮಾತ್ರ ಅನಂತರಾಮರ ಮುಖವನ್ನೇ ನೋಡುತ್ತ ನಿಂತಲ್ಲೇ ನಿಂತಿದ್ದರು. ಗಾರ್ಗಿ ನೆರಳಲ್ಲಿ ನೆಲದ ಮೇಲೇ ಕೂತು, ರಕ್ತ ಒಸರುತ್ತಿದ್ದ ಕೈಯಿಂದ ಪಕ್ಕದ ಹುಲ್ಲನ್ನು ತಟ್ಟಿ, “ವಾಂಗ” ಎಂದು ತಮಿಳಿನಲ್ಲೇ ಒಳಗೆ ಕರೆದಳು. ನರೆಗೂದಲಿನವನೊಬ್ಬ ಅನ್ನದ ಪೊಟ್ಟಣ ಮಡಚಿಕೊಂಡು ಒಳಗೆ ಕಾಲಿಟ್ಟ.